ಬೇಸಿಗೆ ರಜೆಯ ಏಳು ದಿನ: ಗಣೇಶಗುಡಿ, ಶಿರಸಿ, ಹೊನ್ನಾವರ ಸಾಕು

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಏಪ್ರಿಲ್ ಕೊನೆಯ ವಾರದಲ್ಲಿ ಏಳು ದಿನ ರಜೆ, ಬೆಂಗಳೂರಿನಿಂದ ಹೊರಡುವವರು ನೀವಿಬ್ಬರು, ಹತ್ತು ವರ್ಷದ ಮಗಳು, ಅರವತ್ತೆಂಟರ ತಾಯಿ. ಬೇಕಾದದ್ದು ಕಾಡುಪ್ರಾಣಿ, ಹಕ್ಕಿ, ನದಿಯಲ್ಲಿ ಒಂದಿಷ್ಟು ಸಾಹಸ, ಒಂದು ರಾತ್ರಿಯಾದರೂ ಯಕ್ಷಗಾನ. ಕಬಿನಿ, ಹಂಪಿ, ದಾಂಡೇಲಿ, ಗೋಕರ್ಣ ಎಂದು ಪಟ್ಟಿಯನ್ನೂ ಕೊಟ್ಟಿದ್ದೀರಿ. ಈ ಪಟ್ಟಿಯ ಪ್ರಕಾರ ಹೋದರೆ ಮಗಳಿಗೆ ನೆನಪಿನಲ್ಲಿ ಉಳಿಯುವುದು ಕಾರಿನ ಹಿಂದಿನ ಸೀಟು ಮಾತ್ರ. ಕಬಿನಿಯಿಂದ ದಾಂಡೇಲಿಗೆ ಐನೂರು ಕಿಲೋಮೀಟರಿಗೂ ಹೆಚ್ಚು. ಹಂಪಿಯ ಬಂಡೆಗಳು ಏಪ್ರಿಲ್‌ನಲ್ಲಿ ಕಾದ ಕಾವಲಿ. ಎರಡನ್ನೂ ಹೊಡೆದುಹಾಕಿ.

ಕಬಿನಿ ಕೆಟ್ಟ ಜಾಗವೆಂದು ಹೇಳುತ್ತಿಲ್ಲ. ಬೇಸಿಗೆಯಲ್ಲಿ ಹಿನ್ನೀರು ಇಳಿದು ಬಯಲಾದ ನೆಲದಲ್ಲಿ ಹೊಸ ಹುಲ್ಲು ಹುಟ್ಟುತ್ತದೆ, ಆ ಹುಲ್ಲಿಗೂ ನೀರಿಗೂ ನಾಗರಹೊಳೆ, ಬಂಡೀಪುರ ಎರಡೂ ಕಡೆಯ ಆನೆಗಳು ಹಿಂಡು ಹಿಂಡಾಗಿ ಬರುತ್ತವೆ. ಅದಕ್ಕೆಂದೇ ಬೇರೆ ಮೂರು ದಿನ ಇಟ್ಟುಕೊಳ್ಳಿ, ಮೈಸೂರಿನ ಜೊತೆ ಸೇರಿಸಿ. ಹೊರಡುವ ಮೊದಲು ಸಫಾರಿ ನಡೆಯುತ್ತಿದೆಯೇ ಎಂದು ಮಾತ್ರ ವಿಚಾರಿಸಿ. 2025ರ ನವೆಂಬರ್‌ನಲ್ಲಿ ಹುಲಿ ದಾಳಿಗಳ ನಂತರ ಈ ಎರಡೂ ಕಾಡುಗಳಲ್ಲಿ ಸಫಾರಿ ನಿಲ್ಲಿಸಿದ್ದರು. ಆಗ ಮುಂಗಡ ಕೊಟ್ಟು ಕೈ ಸುಟ್ಟುಕೊಂಡವರು ನಮ್ಮ ಗುಂಪಿನಲ್ಲೇ ಇದ್ದಾರೆ.

ಈ ಸಲ ಉತ್ತರ ಕನ್ನಡ ಒಂದೇ ಜಿಲ್ಲೆ ಸಾಕು. ಗಣೇಶಗುಡಿಯಲ್ಲಿ ಮೂರು ರಾತ್ರಿ, ಶಿರಸಿಯಲ್ಲಿ ಎರಡು, ಹೊನ್ನಾವರದಲ್ಲಿ ಒಂದು. ಹೋಗುವಾಗ ರಾತ್ರಿ ರೈಲಿನಲ್ಲಿ ಹುಬ್ಬಳ್ಳಿ, ಅಲ್ಲಿಂದ ದಾಂಡೇಲಿಗೆ ಸುಮಾರು 75 ಕಿಲೋಮೀಟರ್, ಮತ್ತೆ ಗಣೇಶಗುಡಿಗೆ 25. ಬರುವಾಗ ಹೊನ್ನಾವರದಿಂದ ಪಂಚಗಂಗಾ ಎಕ್ಸ್‌ಪ್ರೆಸ್, ಬೆಳಗಾದರೆ ಬೆಂಗಳೂರು. ಈಗ ಮುಂಗಡ ಟಿಕೆಟ್ 60 ದಿನ ಮೊದಲು ಮಾತ್ರ ತೆರೆಯುತ್ತದೆ, ರಜೆಯ ಕಾಲದಲ್ಲಿ ಆ ದಿನವೇ ಕುಳಿತು ಮಾಡಿಸಬೇಕು. ನಡುವಿನ ಓಡಾಟಕ್ಕೆ ಹುಬ್ಬಳ್ಳಿಯಲ್ಲೇ ಬಾಡಿಗೆ ಕಾರು ಹಿಡಿಯಿರಿ. ತಾಯಿಯವರು ಜೊತೆಗಿರುವಾಗ ಬಸ್ ಬದಲಾಯಿಸುವ ಗೋಜು ಬೇಡ.

ಬೇಸಿಗೆಯ ಕಾಡಿನಲ್ಲಿ ಪ್ರಾಣಿಯನ್ನು ಹುಡುಕಿಕೊಂಡು ಹೋಗುವವನಿಗಿಂತ ನೀರಿನ ಪಕ್ಕದಲ್ಲಿ ಸುಮ್ಮನೆ ಕುಳಿತವನೇ ಹೆಚ್ಚು ನೋಡುತ್ತಾನೆ. ಗಣೇಶಗುಡಿಯ ಓಲ್ಡ್ ಮ್ಯಾಗಜೀನ್ ಹೌಸ್‌ನಲ್ಲಿ ಇದು ಕಣ್ಣಿಗೆ ಕಟ್ಟುತ್ತದೆ. ಸೂಪಾ ಅಣೆಕಟ್ಟು ಕಟ್ಟುವಾಗ ಸಿಡಿಮದ್ದು ಇರಿಸುತ್ತಿದ್ದ ಜಾಗವದು, ಹೆಸರು ಬಂದದ್ದು ಹಾಗೆ. ಈಗ ರಾಜ್ಯ ಸರ್ಕಾರದ ಸಂಸ್ಥೆಯಾದ ಜಂಗಲ್ ಲಾಡ್ಜಸ್‌ನವರ ವಸತಿ. ಅಂಗಳದಲ್ಲಿ ಹಕ್ಕಿಗಳಿಗೆಂದು ನೀರಿನ ತೊಟ್ಟಿಗಳನ್ನು ಇಟ್ಟಿದ್ದಾರೆ. ಸುತ್ತಲಿನ ಹಳ್ಳಗಳು ಬತ್ತಿದ ಕಾಲಕ್ಕೆ ಕಾಡೊಳಗಿನ ನಾಚಿಕೆಯ ಹಕ್ಕಿಗಳೆಲ್ಲ ಸ್ನಾನಕ್ಕೆ ಸಾಲುಗಟ್ಟುತ್ತವೆ: ಕೆಂಪುಗೊರಳಿನ ಪಿಕಳಾರ, ಕಿತ್ತಳೆ ತಲೆಯ ಸಿಳ್ಳಾರ, ಶಾಮ, ಕಡುನೀಲಿ ಮೈಯ ಫೇರಿ ಬ್ಲೂಬರ್ಡ್. ಚಳಿಗಾಲದಲ್ಲಿ ಇಡೀ ದಿನ ಪೊದೆ ಬಗ್ಗಿ ನೋಡಿದರೂ ಸಿಗದವು ಎಂಟು ಅಡಿ ದೂರದಲ್ಲಿ ರೆಕ್ಕೆ ಒದರುತ್ತವೆ. ಬೆಳಗ್ಗೆ ಏಳರಿಂದ ಹತ್ತು, ಮತ್ತೆ ಸಂಜೆ ನಾಲ್ಕರಿಂದ ಕತ್ತಲಾಗುವವರೆಗೆ ಕುಳಿತುಕೊಳ್ಳಿ. ಮಂಡಿ ನೋವಿನ ತಾಯಿಗೂ ಸ್ಥಿರವಾಗಿ ಕೂರದ ಮಗಳಿಗೂ ಇದಕ್ಕಿಂತ ಸಲೀಸಾದ ಹಕ್ಕಿ ನೋಟ ನಾನು ಕಂಡಿಲ್ಲ. ಮಗಳ ಕೈಗೆ ಪುಸ್ತಕ, ಪೆನ್ಸಿಲ್ ಕೊಟ್ಟು, ಯಾವ ಹಕ್ಕಿ ಎಷ್ಟು ಸಲ ಮುಳುಗಿತು ಎಂದು ಬರೆಯಲು ಹೇಳಿ. ನನ್ನ ಅಣ್ಣನ ಮಗ ಹೀಗೆ ಲೆಕ್ಕ ಬರೆಯುತ್ತಾ ಊಟಕ್ಕೇ ಏಳಲಿಲ್ಲ. ಕೋಣೆಗಳು ಕಡಿಮೆ, ಹಾಗಾಗಿ ರೈಲಿಗಿಂತ ಮೊದಲು ಇದನ್ನು ಕಾದಿರಿಸಿ. ಚಳಿಗಾಲದ ಅತಿಥಿ ಹಕ್ಕಿಗಳು ಬಹುಪಾಲು ಏಪ್ರಿಲ್ ಮಧ್ಯದೊಳಗೆ ವಾಪಸು ಹೊರಟಿರುತ್ತವೆ. ರಜೆಯನ್ನು ಎರಡು ವಾರ ಮೊದಲೇ ಇಟ್ಟುಕೊಳ್ಳಲು ಸಾಧ್ಯವಿದ್ದರೆ ಅವೂ ಸಿಕ್ಕಾವು.

ಇನ್ನು ಮಂಗಟ್ಟೆ, ಅಂದರೆ ಹಾರ್ನ್‌ಬಿಲ್. ದಾಂಡೇಲಿಯ ಸುತ್ತ ನಾಲ್ಕು ಜಾತಿಯ ಮಂಗಟ್ಟೆಗಳಿವೆ, ನೀವು ಹೋಗುವ ಹೊತ್ತು ಅವುಗಳ ಬಾಣಂತನದ ಹೊತ್ತು. ಹೆಣ್ಣು ಮರದ ಪೊಟರೆಯೊಳಗೆ ಸೇರಿ ಪೊಟರೆಯ ಬಾಯಿಯನ್ನು ಒಳಗಿನಿಂದಲೇ ಗಿಲಾವು ಮಾಡಿಕೊಂಡು, ಕೊಕ್ಕು ತೂರುವಷ್ಟು ಸಂದು ಮಾತ್ರ ಬಿಟ್ಟುಕೊಂಡಿರುತ್ತದೆ. ಗಂಡು ಅತ್ತಿ, ಆಲ, ಗೋಣಿ ಹಣ್ಣುಗಳನ್ನು ಗಂಟಲಲ್ಲಿ ತುಂಬಿ ತಂದು ಒಂದೊಂದಾಗಿ ಕಕ್ಕಿ ಕೊಡುತ್ತದೆ. ಹಣ್ಣು ಬಿಟ್ಟ ಆಲದ ಮರವೊಂದು ಸಿಕ್ಕರೆ ಅದರಡಿ ಕುಳಿತರಾಯಿತು; ದೊಡ್ಡ ಮಂಗಟ್ಟೆ ಬರುವುದು ಕಾಣುವ ಮೊದಲೇ ರೆಕ್ಕೆಯ ಸದ್ದು ಕೇಳುತ್ತದೆ, ಹಳೆಯ ರೈಲಿನ ಎಂಜಿನ್ ಉಸಿರು ಬಿಟ್ಟ ಹಾಗೆ. ಆದರೆ ಗೂಡಿನ ಮರದ ಹತ್ತಿರ ಕರೆದೊಯ್ಯುತ್ತೇವೆ ಎನ್ನುವವರನ್ನು ದೂರವಿಡಿ. ಕೆಳಗೆ ಜನ ನಿಂತರೆ ಗಂಡು ಇಳಿಯುವುದಿಲ್ಲ, ಒಳಗಿರುವವಳಿಗೂ ಮರಿಗೂ ಅಂದು ಉಪವಾಸ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಸುವುದೂ ಈ ಕಾಲದಲ್ಲಿ ಅಷ್ಟೇ ಕೆಟ್ಟದ್ದು. ನಮ್ಮ ಗುಂಪಿನ ಕೆಲವರಿಗೆ ಈ ಮಾತು ರುಚಿಸುವುದಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಒಂದು ಸಫಾರಿ ಸಾಕು, ಬೆಳಗಿನದು. ಹುಲಿಯ ಆಸೆ ಇಟ್ಟುಕೊಳ್ಳಬೇಡಿ. ಕಾಡು ದಟ್ಟ, ಹುಲಿ ಕಂಡವರು ಬೆರಳೆಣಿಕೆ. ಕಾಟಿ, ಕಡವೆ, ಕೆಂದಳಿಲು ಕಂಡರೆ ಸಂತೋಷಪಡಿ. ಮಗಳಿಗೂ ಇದನ್ನು ಮೊದಲೇ ಹೇಳಿಡಿ, ಟಿವಿಯಲ್ಲಿ ಹುಲಿ ನೋಡಿ ಬೆಳೆದ ಮಕ್ಕಳು ಜೀಪಿನಲ್ಲಿ ಅರ್ಧ ಗಂಟೆಗೇ ಮುಖ ಊದಿಸಿಕೊಳ್ಳುತ್ತಾರೆ.

ನದಿ ಸಾಹಸಕ್ಕೆ ಬೇಸಿಗೆಯಲ್ಲೂ ಕಾಳಿಯಲ್ಲಿ ನೀರಿರುತ್ತದೆ, ಏಕೆಂದರೆ ಮೇಲೆ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟಿದೆ. ಆದರೆ ಆ ನೀರು ನಿಮ್ಮ ರಜೆ ನೋಡಿಕೊಂಡು ಬರುವುದಿಲ್ಲ. ವಿದ್ಯುತ್ ಉತ್ಪಾದನೆಗೆ ಟರ್ಬೈನ್ ತಿರುಗಿಸಿದಾಗ ಮಾತ್ರ ಹರಿವು ಏರುತ್ತದೆ. ಒಮ್ಮೆ ನಾವು ಜಾಕೆಟ್ ತೊಟ್ಟು, ಹೆಲ್ಮೆಟ್ ಬಿಗಿದು, ಮಧ್ಯಾಹ್ನದವರೆಗೆ ಬಂಡೆಯ ಮೇಲೆ ಕುಳಿತು, ಕೊನೆಗೆ ಮಂಡಕ್ಕಿ ತಿಂದು ವಾಪಸು ಬಂದೆವು. ಆದ್ದರಿಂದ ರ್‍ಯಾಫ್ಟಿಂಗನ್ನು ಮೊದಲ ದಿನಕ್ಕೇ ಇಟ್ಟುಕೊಳ್ಳಿ, ತಪ್ಪಿದರೆ ಇನ್ನೆರಡು ದಿನ ಕೈಯಲ್ಲಿರುತ್ತವೆ. ಉದ್ದದ ಓಟಕ್ಕೆ ವಯಸ್ಸಿನ ಮಿತಿ ಇದೆ, ಮಗಳನ್ನು ಬಿಡಲಾರರು. ಅವಳಿಗೆ ನಿಂತ ನೀರಿನಲ್ಲಿ ಕಯಾಕ್ ಅಥವಾ ಹರಿಗೋಲು ಸಾಕು. ಒಂದು ತೆಪ್ಪಕ್ಕೆ ಎಷ್ಟು ಜನ ಎಂದು ನೀವೇ ಎಣಿಸಿ. ರಜೆಯ ದಿನಗಳಲ್ಲಿ ಇನ್ನಿಬ್ಬರು ಇರಲಿ ಬಿಡಿ ಎನ್ನುವವರಿದ್ದಾರೆ, ಅಂಥಲ್ಲಿ ಹತ್ತಲೇಬೇಡಿ.

ಈಗ ಯಾರೂ ಹೇಳದ ವಿಷಯ: ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಜ್ವರ ಇದು. ಹರಡುವುದು ಉಣುಗುಗಳಿಂದ, ಹೆಚ್ಚುವುದು ಡಿಸೆಂಬರ್‌ನಿಂದ ಮೇ ವರೆಗೆ, ಅಂದರೆ ಸರಿಯಾಗಿ ನಮ್ಮ ಪ್ರವಾಸದ ಕಾಲಕ್ಕೆ. ಸಿದ್ದಾಪುರ, ಶಿರಸಿ, ಹೊನ್ನಾವರ ಕಡೆಯ ಕಾಡಂಚಿನ ಊರವರಿಗೆ ಇದು ಹೊಸದಲ್ಲ. ಹೆದರಿ ಮನೆಯಲ್ಲಿ ಕೂರಬೇಕಿಲ್ಲ. ಉದ್ದ ತೋಳಿನ ಅಂಗಿ, ಕಾಲುಚೀಲದೊಳಗೆ ಸೇರಿಸಿದ ಪ್ಯಾಂಟು, ಆರೋಗ್ಯ ಇಲಾಖೆಯವರು ಕಾಡಂಚಿನ ಜನರಿಗೆ ಕೊಡುವ ಡೆಪಾ ತೈಲ ಸಿಕ್ಕರೆ ಅದು, ಇಲ್ಲದಿದ್ದರೆ ಔಷಧದ ಅಂಗಡಿಯ ಕೀಟ ನಿವಾರಕ. ಚಿತ್ರ ತೆಗೆಯುವ ಹುಮ್ಮಸ್ಸಿನಲ್ಲಿ ತರಗೆಲೆಯ ಮೇಲೆ ಮಲಗಬೇಡಿ. ಸಂಜೆ ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಅಥವಾ ಅರಣ್ಯ ಇಲಾಖೆಗೆ ತಿಳಿಸಿ. ಊರಿಗೆ ಮರಳಿದ ಮೇಲೆ ಹತ್ತು ಹದಿನೈದು ದಿನದೊಳಗೆ ಜೋರು ಜ್ವರ ಬಂದರೆ ವೈದ್ಯರಿಗೆ ಎಲ್ಲೆಲ್ಲಿ ಓಡಾಡಿದಿರಿ ಎಂದು ಮರೆಯದೆ ಹೇಳಿ, ಬೆಂಗಳೂರಿನಲ್ಲಿ ತಾವಾಗಿ ಕೇಳುವವರು ಕಡಿಮೆ.

ಗಣೇಶಗುಡಿಯಿಂದ ಶಿರಸಿಗೆ ಯಲ್ಲಾಪುರದ ಮೇಲೆ ನಾಲ್ಕು ಗಂಟೆ ಎಂದುಕೊಳ್ಳಿ. ಶಿರಸಿಯಲ್ಲಿ ಮುಖ್ಯವಾದದ್ದು ಸಹಸ್ರಲಿಂಗ. ಶಾಲ್ಮಲಾ ನದಿಯ ಬಂಡೆಗಳ ಮೇಲೆ ಸೋದೆ ಅರಸರ ಕಾಲದಲ್ಲಿ ಕೆತ್ತಿಸಿದ ಲಿಂಗ, ನಂದಿಗಳು ನೀರು ಇಳಿದಾಗಲೇ ಪೂರ್ತಿ ಮೇಲೆ ಬರುವುದು. ಮಳೆಗಾಲದಲ್ಲಿ ಹೋಗಿ ಬರೀ ಹೊಳೆ ನೋಡಿ ಬಂದವರು ಬಹಳ. ಅಲ್ಲೇ ಹತ್ತಿರದಲ್ಲಿ ಸೋಂದಾ. ತಾಯಿಯವರಿಗೆ ವಾದಿರಾಜ ಮಠ, ಸ್ವರ್ಣವಲ್ಲಿ ಮಠ ಎರಡೂ ಆಗುತ್ತವೆ. ನರಸಿಂಹ ಜಯಂತಿಯ ಹೊತ್ತಿಗೆ ಸ್ವರ್ಣವಲ್ಲಿಯಲ್ಲಿ ರಥೋತ್ಸವ, ಕೃಷಿ ಜಯಂತಿ ಇರುತ್ತವೆ. ವೈಶಾಖ ಶುದ್ಧ ಚತುರ್ದಶಿ ಯಾವ ದಿನ ಎಂದು ಪಂಚಾಂಗ ನೋಡಿ, ರಜೆಗೆ ಹೊಂದಿದರೆ ಬಿಡಬೇಡಿ. ಸುತ್ತಲಿನ ಅಡಿಕೆ ತೋಟಿಗರೆಲ್ಲ ಸೇರುವ ಜಾಗ. ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ, ಅದೂ ಮಾರ್ಚ್‌ ಹೊತ್ತಿಗೇ ಮುಗಿದಿರುತ್ತದೆ. ಜೋಗ ಪಕ್ಕದಲ್ಲೇ ಅಲ್ಲವೇ ಎಂದು ಕೇಳುತ್ತೀರಿ, ಗೊತ್ತು. ಏಪ್ರಿಲ್‌ನಲ್ಲಿ ಅಲ್ಲಿ ಬಂಡೆ ಇರುತ್ತದೆ, ಜಲಪಾತ ಇರುವುದಿಲ್ಲ. ಯಾಣದ ಶಿಲೆಗಳಲ್ಲಿ ಹೆಜ್ಜೇನು ಕಟ್ಟಿರುವ ಕಾಲ, ಹೋದರೆ ಸುಗಂಧ ಪೂಸಿಕೊಂಡು ಗಲಾಟೆ ಮಾಡುತ್ತಾ ಹೋಗಬೇಡಿ.

ಘಟ್ಟ ಇಳಿಯಲು ದೇವಿಮನೆ ದಾರಿ ತೆರೆದಿದೆಯೇ ಎಂದು ಹಿಂದಿನ ದಿನ ಶಿರಸಿಯಲ್ಲೇ ಕೇಳಿ. ರಸ್ತೆ ಅಗಲ ಮಾಡುವ ಕೆಲಸದಿಂದ ಅದು ಆಗಾಗ ಮುಚ್ಚಿದ್ದುಂಟು. ಕೆಳಗಿಳಿದರೆ ಸೆಖೆ. ಹನ್ನೊಂದರಿಂದ ನಾಲ್ಕರವರೆಗೆ ಕೋಣೆಯಲ್ಲಿ ಮಲಗಿ, ಮುರುಗಲು ಪಾನಕ ಕುಡಿಯಿರಿ. ಸಂಜೆ ಕಾಸರಕೋಡಿನಲ್ಲಿ ಶರಾವತಿಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಹಾಕಿರುವ ಮರದ ಹಾದಿಯಲ್ಲಿ ನಡೆದರೆ ಮಿಂಚುಳ್ಳಿ, ಏಡಿಗಳ ಲೋಕ.

ಯಕ್ಷಗಾನದ ರಾತ್ರಿಯನ್ನು ಕೊನೆಗೆ ಬರೆದೆನಾದರೂ ಯೋಜನೆಯಲ್ಲಿ ಅದೇ ಮೊದಲು. ಕರಾವಳಿಯ ಮೇಳಗಳ ತಿರುಗಾಟ ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ ಕೊನೆಯ ವಾರಕ್ಕೆ ಮುಗಿಯುತ್ತದೆ. ನಿಮ್ಮ ವಾರ ಸುರಕ್ಷಿತ. ಯಾವ ಮೇಳ ಯಾವ ಊರಿನಲ್ಲಿ ಎಂಬುದು ಕರಾವಳಿಯ ದಿನಪತ್ರಿಕೆಗಳಲ್ಲಿ ಅಂದಂದೇ ಬರುತ್ತದೆ, ಅಂಗಡಿಯ ಗೋಡೆಯ ಕರಪತ್ರದಲ್ಲೂ ಇರುತ್ತದೆ. ಹರಕೆಯ ಬಯಲಾಟಕ್ಕೆ ಟಿಕೆಟ್ ಇಲ್ಲ, ಊಟವೂ ಸಿಕ್ಕೀತು. ತಾಯಿಗೆ ಕುರ್ಚಿ ಹುಡುಕಿ, ಮಗಳಿಗೆ ಚಾಪೆ, ಹೊದಿಕೆ ಒಯ್ಯಿರಿ. ಪ್ರಸಂಗದ ಕಥೆಯನ್ನು ಮಧ್ಯಾಹ್ನವೇ ಅವಳಿಗೆ ಹೇಳಿ ಮುಗಿಸಿ. ಆಟ ಶುರುವಾಗುವ ಒಂದು ಗಂಟೆ ಮೊದಲು ಹೋಗಿ, ಕೇಳಿಕೊಂಡು ಚೌಕಿಯೊಳಗೆ, ಅಂದರೆ ವೇಷಧಾರಿಗಳು ಬಣ್ಣ ಹಚ್ಚಿಕೊಳ್ಳುವ ಜಾಗದಲ್ಲಿ, ಅವಳನ್ನು ಒಂದು ಮೂಲೆಯಲ್ಲಿ ನಿಲ್ಲಿಸಿ. ಲುಂಗಿ ಉಟ್ಟು ಕನ್ನಡಿ ಮುಂದೆ ಕುಳಿತಿದ್ದ ಮನುಷ್ಯ ಮುಂಡಾಸು ಕಟ್ಟಿ ಏಳುವಾಗ ಬೇರೆಯೇ ಆಗಿರುವುದನ್ನು ಅವಳು ಕಣ್ಣಾರೆ ನೋಡಲಿ. ಅಲ್ಲಿ ಫ್ಲ್ಯಾಶ್ ಬೇಡ, ದೇವರ ಪೆಟ್ಟಿಗೆಯ ಕಡೆ ಚಪ್ಪಲಿ ಹಾಕಿಕೊಂಡು ಹೋಗುವುದೂ ಬೇಡ. ಕೆಲವು ಮೇಳಗಳದ್ದು ನಡುರಾತ್ರಿಗೇ ಮುಗಿಯುವ ಕಾಲಮಿತಿ ಆಟ, ಕೆಲವದ್ದು ಬೆಳಗಿನವರೆಗೆ. ಮೊದಲ ಸಲಕ್ಕೆ ಕಾಲಮಿತಿಯದ್ದೇ ಆಯ್ದುಕೊಳ್ಳಿ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಬೆಳಗಿನ ಜಾವದ ಚೆಂಡೆಗೆ ಕಣ್ಣುಜ್ಜಿ ಎದ್ದು ಕುಳಿತ ನೆನಪು ಈಗಲೂ ಇರುವುದರಿಂದ ನಾನು ಹಾಗೆ ಹೇಳಲಾರೆ. ಮರುದಿನ ರಾತ್ರಿ ಹೇಗೂ ರೈಲು, ನಿದ್ದೆ ಅಲ್ಲಿ ಆಗುತ್ತದೆ.

ದಿನಾಂಕ ಖಚಿತವಾದ ಮೇಲೆ ಇಲ್ಲೇ ಬರೆಯಿರಿ. ಆ ವಾರ ಗಣೇಶಗುಡಿಯ ಕಡೆ ಯಾವ ಆಲ ಹಣ್ಣಾಗಿದೆ ಎಂದು ಕೇಳಿ ತಿಳಿಸುತ್ತೇನೆ.