ಫೀಸಿಲ್ಲದ ಯೂನಿವರ್ಸಿಟಿಯ ಖರ್ಚಿನ ಲೆಕ್ಕ

ತಂಗಿ, ನಿನ್ನ ಪ್ರಶ್ನೆ ಓದಿದೆ. ಕಲಬುರಗಿಯಲ್ಲಿ ಎಲೆಕ್ಟ್ರಾನಿಕ್ಸ್ ಬಿ.ಇ. ಮುಗಿಸಿದ್ದೀಯ, 70 ಪರ್ಸೆಂಟ್ ಇದೆ, ಜರ್ಮನಿಗೆ ಮಾಸ್ಟರ್ಸ್ ಮಾಡಲು ಬರಬೇಕು ಅಂತಿದ್ದೀಯ. ಸರ್ಕಾರಿ ಯೂನಿವರ್ಸಿಟಿಯಲ್ಲಿ ಫೀಸೇ ಇಲ್ಲವಂತೆ ನಿಜವಾ, ಸೀಟು ಸಿಗುತ್ತಾ, ಒಟ್ಟು ಎಷ್ಟು ಬೇಕು, ಮುಗಿದ ಮೇಲೆ ಕೆಲಸ ಆಗುತ್ತಾ, ಅಲ್ಲಿನ ಜೀವನ ಹೇಗೆ ಅಂತ ಕೇಳಿದ್ದೀಯ. ಅಪ್ಪ ಎರಡು ಎಕರೆ ಹೊಲ ಮಾರಲು ರೆಡಿ ಇದ್ದಾರೆ ಅಂತ ಕೊನೆಗೊಂದು ಸಾಲು ಸೇರಿಸಿದ್ದೀಯ. ಆ ಸಾಲು ಓದಿದ ಮೇಲೆ ಸುಮ್ನೆ ‘ಆಲ್ ದ ಬೆಸ್ಟ್’ ಹೇಳಿ ಬಿಡಲು ಮನಸ್ಸಾಗಲಿಲ್ಲ. ನಾನೂ ಕಲಬುರಗಿಯ ಬ್ರಹ್ಮಪುರದವಳು. ಜರ್ಮನಿಯ ಡಾರ್ಟ್‌ಮುಂಡ್‌ನಲ್ಲಿ ಓದಿ, ಇಲ್ಲೇ ನೆಲೆಸಿ ಬಹಳ ವರ್ಷವಾಯಿತು.

ಮೊದಲು ನೀನು ಬರೆದ ಆ ಕನ್ಸಲ್ಟೆನ್ಸಿ ವಿಷಯ. ‘ಬರ್ಲಿನ್‌ನಲ್ಲಿ ಸೀಟು ಗ್ಯಾರಂಟಿ, ಶುಕ್ರವಾರದೊಳಗೆ ಅಡ್ವಾನ್ಸ್ ಕಟ್ಟಿ’ ಅಂದರಂತಲ್ಲ, ಅದು ಖಾಸಗಿ ಯೂನಿವರ್ಸಿಟಿಯೇ ಇರಬೇಕು. ಸರ್ಕಾರಿ ಯೂನಿವರ್ಸಿಟಿಗಳು ಯಾರಿಗೂ ಕಮಿಷನ್ ಕೊಡುವುದಿಲ್ಲ, ಹಾಗಾಗಿ ಅವುಗಳ ಹೆಸರು ಹೇಳಿದರೆ ಏಜೆಂಟರಿಗೆ ಗಿಟ್ಟುವುದಿಲ್ಲ. ಖಾಸಗಿಯಲ್ಲಿ ವರ್ಷಕ್ಕೆ 10 ಸಾವಿರ ಯೂರೋ ಮೇಲೆ ಫೀಸು ಇರುವುದು ಸಾಮಾನ್ಯ. ‘ಗೌರ್ಮೆಂಟ್ ರೆಕಗ್ನೈಸ್ಡ್’ ಅಂತ ಬ್ರೋಷರ್‌ನಲ್ಲಿ ಹಾಕಿದ ಮಾತ್ರಕ್ಕೆ ನಂಬಬೇಡ. ಮಾನ್ಯತೆ ಖಾಸಗಿಯವರಿಗೂ ಇರುತ್ತದೆ. ಹೋಖ್‌ಶೂಲೆಕೊಂಪಾಸ್ ಅನ್ನುವ ವೆಬ್‌ಸೈಟಿನಲ್ಲಿ ಹೆಸರು ಹಾಕಿದರೆ ಸರ್ಕಾರಿಯೋ ಖಾಸಗಿಯೋ ಅಂತ ಸ್ಪಷ್ಟವಾಗಿ ಬರೆದಿರುತ್ತದೆ. ಇಂಗ್ಲಿಷಿನಲ್ಲಿ ಪಾಠ ಮಾಡುವ ಕೋರ್ಸುಗಳ ಪಟ್ಟಿ ಡಿಎಎಡಿ ಅನ್ನುವ ಜರ್ಮನ್ ಸಂಸ್ಥೆಯ ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. ಅರ್ಜಿ ನೀನೇ ಹಾಕಬಹುದು, ಅದರಲ್ಲಿ ಯಾವ ವಿದ್ಯೆಯೂ ಇಲ್ಲ.

ಇನ್ನು ಸರ್ಕಾರಿ ಅಂದರೆ ಎಲ್ಲ ಕಡೆ ಫೀಸಿಲ್ಲ ಅಂತಲೂ ಅಲ್ಲ. ಸ್ಟುಟ್‌ಗಾರ್ಟ್, ಕಾರ್ಲ್ಸ್‌ರುಹೆ ಇರುವ ಬಾಡೆನ್-ವ್ಯೂರ್ಟೆಂಬೆರ್ಗ್ ರಾಜ್ಯದಲ್ಲಿ 2017ರಿಂದ ನಮ್ಮಂಥ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಇದೆ. ಮ್ಯೂನಿಕ್‌ನ ಟೆಕ್ನಿಕಲ್ ಯೂನಿವರ್ಸಿಟಿ 2024ರ ಚಳಿಗಾಲದಿಂದ ಮಾಸ್ಟರ್ಸ್‌ಗೆ ಸೆಮಿಸ್ಟರಿಗೆ 4,000ದಿಂದ 6,000 ಯೂರೋ ತೆಗೆದುಕೊಳ್ಳುತ್ತಿದೆ. ಡಾರ್ಟ್‌ಮುಂಡ್, ಆಖೆನ್ ಇರುವ ನಮ್ಮ ರಾಜ್ಯದಲ್ಲಿ ಫೀಸಿಲ್ಲ. ಸೆಮಿಸ್ಟರ್ ಕಾಂಟ್ರಿಬ್ಯೂಷನ್ ಅಂತ ಸುಮಾರು 300 ಯೂರೋ ಕಟ್ಟುತ್ತೀಯ, ಅದರಲ್ಲೇ ಬಸ್ಸು-ರೈಲಿನ ಪಾಸೂ ಬಂದುಬಿಡುತ್ತದೆ.

ಸೀಟಿನ ಮಾತಿಗೆ ಬರೋಣ. ನಿನ್ನ 70 ಪರ್ಸೆಂಟನ್ನು ಇಲ್ಲಿ ಯಾರೂ 70 ಅಂತ ಓದುವುದಿಲ್ಲ. ಒಂದು ಸೂತ್ರದಿಂದ ಜರ್ಮನ್ ಗ್ರೇಡಿಗೆ ಇಳಿಸುತ್ತಾರೆ. ಗರಿಷ್ಠ 100ರಲ್ಲಿ ನಿನ್ನ 70 ಕಳೆ, 30 ಉಳಿಯಿತು. 100ರಲ್ಲಿ ಪಾಸ್ ಮಾರ್ಕ್ಸ್ 40 ಕಳೆ, 60 ಬಂತು. 30ನ್ನು 60ರಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದು ಕೂಡಿಸು. 2.5. ಇಲ್ಲಿ 1.0 ಅಂದರೆ ಎಲ್ಲಕ್ಕಿಂತ ಮೇಲು, 4.0 ಅಂದರೆ ಅಂತೂ ಪಾಸು. ಬಹಳ ಕೋರ್ಸುಗಳು 2.5 ಅಥವಾ ಅದಕ್ಕಿಂತ ಚೆನ್ನಾಗಿ ಬೇಕು ಅನ್ನುತ್ತವೆ. ಅಂದರೆ ನೀನು ಸರಿಯಾಗಿ ಹೊಸ್ತಿಲ ಮೇಲೆ ನಿಂತಿದ್ದೀಯ. ಆಖೆನ್‌ನಂಥ ದೊಡ್ಡ ಹೆಸರು ಒಂದೆರಡು ಇರಲಿ, ಉಳಿದದ್ದೆಲ್ಲ ಸಣ್ಣ ಊರಿನ ಯೂನಿವರ್ಸಿಟಿ ಮತ್ತು ಅಪ್ಲೈಡ್ ಸೈನ್ಸಸ್ ಕಾಲೇಜುಗಳಿಗೆ ಹಾಕು. ಅವುಗಳಲ್ಲೂ ಬಹಳಷ್ಟು ಸರ್ಕಾರಿಯೇ. ಕಂಪನಿಗಳ ಜೊತೆ ಒಡನಾಟ ಅವಕ್ಕೇ ಜಾಸ್ತಿ. ನಮ್ಮ ಕಡೆಯವರು ‘ಟಿಯು’ (ಟೆಕ್ನಿಕಲ್ ಯೂನಿವರ್ಸಿಟಿ) ಅನ್ನುವ ಎರಡಕ್ಷರಕ್ಕೆ ಮರುಳಾಗುತ್ತಾರೆ, ಅಷ್ಟೇ. ಹಾಂ, ನಮ್ಮ ಕಲ್ಯಾಣ ಕರ್ನಾಟಕದ 371ಜೆ ಮೀಸಲಾತಿ ಸರ್ಟಿಫಿಕೇಟ್ ಇಲ್ಲಿ ನಡೆಯುವುದಿಲ್ಲ, ಅದನ್ನು ಮನೆಯಲ್ಲೇ ಬಿಟ್ಟು ಬಾ.

ಗ್ರೇಡಿಗಿಂತ ಹೆಚ್ಚು ಅರ್ಜಿಗಳು ತಿರಸ್ಕಾರ ಆಗುವುದು ಸಿಲಬಸ್ ಹೊಂದದೆ. ‘ಮ್ಯಾಥ್ಸ್‌ನಲ್ಲಿ ಇಷ್ಟು ಕ್ರೆಡಿಟ್, ಸಿಗ್ನಲ್ ಪ್ರಾಸೆಸಿಂಗ್‌ನಲ್ಲಿ ಇಷ್ಟು’ ಅಂತ ಕೋರ್ಸಿನ ನಿಯಮದಲ್ಲಿ ಬರೆದಿರುತ್ತದೆ. ನಿನ್ನ ಬಿ.ಇ. ವಿಷಯಗಳನ್ನು ಅದರ ಪಕ್ಕ ಇಟ್ಟು ಒಂದೊಂದಾಗಿ ನೋಡಬೇಕು. ಬೇಜಾರಿನ ಕೆಲಸ, ಆದರೆ ಮಾಡಲೇಬೇಕು.

ಈಗ ದುಡ್ಡು. ಭಾರತದಿಂದ ಬರುವವರಿಗೆ 2022ರ ನವೆಂಬರಿನಿಂದ ಎಪಿಎಸ್ ಸರ್ಟಿಫಿಕೇಟ್ ಕಡ್ಡಾಯ. ನಿನ್ನ ಮಾರ್ಕ್ಸ್ ಕಾರ್ಡುಗಳು ಅಸಲಿಯೇ ಅಂತ ನೋಡುತ್ತಾರೆ, ಫೀಸು 18,000 ರೂಪಾಯಿ. ಇಂಗ್ಲಿಷಿನ ಐಇಎಲ್‌ಟಿಎಸ್ ಪರೀಕ್ಷೆಯ ಫೀಸು ಬೇರೆ. ಅರ್ಜಿಗಳು ಯುನಿ-ಅಸಿಸ್ಟ್ (ಯೂನಿವರ್ಸಿಟಿಗಳ ಪರವಾಗಿ ಅರ್ಜಿ ಪರಿಶೀಲಿಸುವ ಸಂಸ್ಥೆ) ಮೂಲಕ ಹೋಗುವುದಾದರೆ ಮೊದಲನೆಯದಕ್ಕೆ 75 ಯೂರೋ, ಆಮೇಲಿನ ಒಂದೊಂದಕ್ಕೂ 30. ವೀಸಾಗೆ 75 ಯೂರೋ, ಅದಕ್ಕೆ ಬೆಂಗಳೂರಿಗೆ ಒಂದು ಓಡಾಟ.

ಎಲ್ಲಕ್ಕಿಂತ ದೊಡ್ಡ ಗಂಟು ಬ್ಲಾಕ್ಡ್ ಅಕೌಂಟ್, ಅಂದರೆ ಇಲ್ಲಿನ ಖರ್ಚಿಗೆ ದುಡ್ಡಿದೆ ಅಂತ ವೀಸಾಗೆ ತೋರಿಸಲು ಮೊದಲೇ ಕಟ್ಟಿಡುವ ಖಾತೆ. ವರ್ಷಕ್ಕೆ 11,904 ಯೂರೋ. ಯೂರೋಗೆ 100 ರೂಪಾಯಿ ಅಂತ ಹಿಡಿದರೂ 12 ಲಕ್ಷಕ್ಕೆ ಸ್ವಲ್ಪ ಕಮ್ಮಿ. ಇದು ಫೀಸಲ್ಲ, ನಿನ್ನದೇ ದುಡ್ಡು ಅಂತ ಅಪ್ಪನಿಗೆ ಸರಿಯಾಗಿ ಬಿಡಿಸಿ ಹೇಳು. ಇಲ್ಲಿಗೆ ಬಂದ ಮೇಲೆ ತಿಂಗಳಿಗೆ 992 ಯೂರೋದಂತೆ ನಿನ್ನ ಖಾತೆಗೇ ಬರುತ್ತದೆ. ವೀಸಾ ಸಿಗದಿದ್ದರೆ ವಾಪಸ್ ಬರುತ್ತದೆ, ಬ್ಯಾಂಕಿನವರ ಸಣ್ಣಪುಟ್ಟ ಚಾರ್ಜು ಬಿಟ್ಟು.

ಆದರೆ ಇದರಲ್ಲೊಂದು ತೊಡಕಿದೆ. ಇಳಿದ ದಿನವೇ ಆ ದುಡ್ಡು ಕೈಗೆ ಸಿಗುವುದಿಲ್ಲ. ಮೊದಲು ಬಾಡಿಗೆ ಕೋಣೆ ಬೇಕು. ಮನೆ ಮಾಲೀಕ ಸಹಿ ಮಾಡಿದ ಕಾಗದ ಹಿಡಿದು ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಆಮೇಲೆ ಇಲ್ಲಿನ ಬ್ಯಾಂಕ್ ಖಾತೆ, ಆಮೇಲೆ ಮೊದಲ ಕಂತು. ಅಕ್ಟೋಬರಿನಲ್ಲಿ ಊರ ತುಂಬ ಹೊಸ ಹುಡುಗರು, ಕಚೇರಿಯ ಅಪಾಯಿಂಟ್‌ಮೆಂಟ್ ಸಿಗಲು ವಾರಗಟ್ಟಲೆ ಕಾಯಬೇಕಾಗಬಹುದು. ಅಷ್ಟರಲ್ಲಿ ಕೋಣೆಯ ಡಿಪಾಸಿಟ್ ಕೊಟ್ಟಿರಬೇಕು. ಅದು ಮೂರು ತಿಂಗಳ ಬಾಡಿಗೆಯವರೆಗೂ ಇರಬಹುದು. ಅದಕ್ಕೇ ಹೇಳುತ್ತೇನೆ, 2,000 ಯೂರೋ ಬೇರೆಯೇ ಇಟ್ಟುಕೊಂಡು ವಿಮಾನ ಹತ್ತು. ಟಿಕೆಟ್ಟು, ಸ್ವೆಟರು, ಎಲ್ಲ ಸೇರಿ ಮೊದಲ ವರ್ಷಕ್ಕೆ 15 ಲಕ್ಷ ಅಂತ ಅಪ್ಪನ ಮುಂದೆ ಲೆಕ್ಕ ಇಡು. ಕಮ್ಮಿ ಹೇಳಿ ಆಮೇಲೆ ಫೋನಿನಲ್ಲಿ ಕೇಳುವುದು ಬೇಡ.

ತಿಂಗಳ ಖರ್ಚು ಊರಿನ ಮೇಲೆ. ಡಾರ್ಟ್‌ಮುಂಡ್‌ನಲ್ಲಿ ಹಂಚಿಕೊಂಡ ಮನೆಯ ಒಂದು ಕೋಣೆಗೆ 350ರಿಂದ 450 ಯೂರೋ, ಹೆಲ್ತ್ ಇನ್ಶೂರೆನ್ಸ್‌ಗೆ ಸುಮಾರು 150, ಮನೆಯಲ್ಲೇ ಅಡುಗೆ ಮಾಡಿಕೊಂಡರೆ ಊಟಕ್ಕೆ 200. ಮ್ಯೂನಿಕ್‌ನಲ್ಲಿ ಕೋಣೆಯ ಬಾಡಿಗೆಯೇ ಡಾರ್ಟ್‌ಮುಂಡ್‌ನ ಬಾಡಿಗೆಯ ಎರಡು ಪಟ್ಟು ಹೋಗುತ್ತದೆ. ವಿದ್ಯಾರ್ಥಿ ವೀಸಾದಲ್ಲಿ ವರ್ಷಕ್ಕೆ 140 ಪೂರ್ತಿ ದಿನ, ಇಲ್ಲವೇ 280 ಅರ್ಧ ದಿನ ಕೆಲಸ ಮಾಡಬಹುದು. ‘ಪಾರ್ಟ್‌ಟೈಮ್ ಮಾಡಿ ಎಲ್ಲ ನಿಭಾಯಿಸಬಹುದು’ ಅನ್ನುವವರ ಮಾತು ಎರಡನೇ ವರ್ಷಕ್ಕೆ ಒಂದಿಷ್ಟು ಸರಿ. ಮೊದಲ ಸೆಮಿಸ್ಟರಿನಲ್ಲಿ ಗೋದಾಮಿನಲ್ಲಿ ರಾತ್ರಿಪಾಳಿ ಮಾಡಿ ಬೆಳಗ್ಗೆ ಕ್ಲಾಸಿನಲ್ಲಿ ತೂಕಡಿಸಿದವರನ್ನು ಬಹಳ ನೋಡಿದ್ದೇನೆ.

ಹೊಲದ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಅಡ್ಮಿಷನ್ ಪತ್ರ ಕೈಗೆ ಬರುವ ತನಕ ಒಂದು ಗುಂಟೆಯನ್ನೂ ಮಾರಲು ಬಿಡಬೇಡ. ಮೊದಲು ಎಜುಕೇಶನ್ ಲೋನ್ ಕೇಳಿ. ಏಳೂವರೆ ಲಕ್ಷ ದಾಟಿದರೆ ಬ್ಯಾಂಕಿನವರು ಸಾಮಾನ್ಯವಾಗಿ ಅಡವು ಕೇಳುತ್ತಾರೆ, ಹೊಲವನ್ನು ಒಪ್ಪುವುದು ಕಮ್ಮಿ, ಮನೆ ಅಥವಾ ಎನ್‌ಎ ಆದ ಪ್ಲಾಟು ಬೇಕು ಅನ್ನುತ್ತಾರೆ. ಎಸ್‌ಸಿ, ಎಸ್‌ಟಿ ಆಗಿದ್ದರೆ ಸಮಾಜ ಕಲ್ಯಾಣ ಇಲಾಖೆಯಲ್ಲಿ ವಿದೇಶದಲ್ಲಿ ಓದುವವರಿಗೆ ನೆರವು ಕೊಡುವ ಪ್ರಬುದ್ಧ ಯೋಜನೆ ಬಗ್ಗೆ ವಿಚಾರಿಸು.

ಇಲ್ಲಿಯವರೆಗಿನದು ಹೇಗೋ ಆಗುತ್ತದೆ. ನಿಜವಾದ ಜರಡಿ ಇರುವುದು ಒಳಗೆ ಬಂದ ಮೇಲೆ. ನಮ್ಮಲ್ಲಿ ಸೀಟು ಸಿಗುವುದು ಕಷ್ಟ, ಸಿಕ್ಕ ಮೇಲೆ ಹೇಗೋ ಡಿಗ್ರಿ ಆಗುತ್ತದೆ, ಬ್ಯಾಕ್ ಉಳಿದರೆ ಮುಂದಿನ ಸಲ ಬರೆದರಾಯಿತು. ಇಲ್ಲಿ ಹಾಗಲ್ಲ. ಒಂದು ಪರೀಕ್ಷೆಗೆ ಹೆಚ್ಚಿನ ಕಡೆ ಮೂರೇ ಅವಕಾಶ. ಮೂರನೆಯದರಲ್ಲೂ ಹೋದರೆ ಕೋರ್ಸಿನಿಂದ ಹೊರಗೆ. ಅದೇ ವಿಷಯವನ್ನು ಜರ್ಮನಿಯ ಇನ್ನೊಂದು ಯೂನಿವರ್ಸಿಟಿಯಲ್ಲೂ ಓದಲು ಬಿಡುವುದಿಲ್ಲ. ಇಂಟರ್ನಲ್ ಮಾರ್ಕ್ಸ್ ಕೈ ಹಿಡಿಯುವುದಿಲ್ಲ, ಇಂಪಾರ್ಟೆಂಟ್ ಕ್ವೆಶ್ಚನ್ ಅಂತ ಯಾರೂ ಟಿಕ್ ಹಾಕಿ ಕೊಡುವುದಿಲ್ಲ. ಒಂದು ವಿಷಯಕ್ಕೆ ಪೂರ್ತಿ ಸೆಮಿಸ್ಟರಿಗೆ ಸಾಮಾನ್ಯವಾಗಿ ಒಂದೇ ಪರೀಕ್ಷೆ. ಕೆಲವು ವಿಷಯಕ್ಕೆ ಬರೆಯುವುದೂ ಇಲ್ಲ. ಪ್ರೊಫೆಸರ್ ಎದುರು ಅರ್ಧ ಗಂಟೆ ಕೂತು, ಖಾಲಿ ಹಾಳೆಯ ಮೇಲೆ ಸರ್ಕ್ಯೂಟ್ ಬಿಡಿಸುತ್ತಾ ಉತ್ತರ ಹೇಳಬೇಕು. ಬಾಯಿಪಾಠ ಎರಡನೇ ‘ಯಾಕೆ?’ಗೇ ಮುಗಿಯುತ್ತದೆ. ಪರೀಕ್ಷೆಗೆ ಹೆಸರು ನೋಂದಾಯಿಸುವುದೂ ನಿನ್ನದೇ ಕೆಲಸ. ತಾರೀಖು ಮರೆತರೆ ಆ ಸಲದ ಪರೀಕ್ಷೆ ಹೋಯಿತು, ಯಾರೂ ಫೋನ್ ಮಾಡಿ ಕರೆಯುವುದಿಲ್ಲ.

ಹಾಗಾಗಿ ನಾಲ್ಕು ಸೆಮಿಸ್ಟರಿನ ಕೋರ್ಸು ಐದಾರು ಸೆಮಿಸ್ಟರ್ ಎಳೆಯುವುದು ತೀರಾ ಮಾಮೂಲು. ಅದನ್ನು ಯಾರೂ ಅವಮಾನ ಅಂತ ನೋಡುವುದಿಲ್ಲ. ಕೈಯಲ್ಲಿ ದುಡ್ಡಿರಬೇಕು, ಅಷ್ಟೇ. ವೀಸಾ ಮುಂದುವರಿಸುವಾಗ ಖಾತೆ ನೋಡುತ್ತಾರೆ, ಎಷ್ಟು ಕ್ರೆಡಿಟ್ ಆಗಿದೆ ಅಂತಲೂ ಕೇಳುತ್ತಾರೆ.

ಕೆಲಸದ ಬಗ್ಗೆ ಕೇಳಿದ್ದೀಯ. ಡಿಗ್ರಿ ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳು ಇಲ್ಲೇ ಇರಬಹುದು. ಆ ಅವಧಿಯಲ್ಲಿ ಯಾವ ಕೆಲಸ ಬೇಕಾದರೂ ಮಾಡಬಹುದು. ಹೊಸದಾಗಿ ಡಿಗ್ರಿ ಪಡೆದವರಿಗೆ ಬ್ಲೂ ಕಾರ್ಡ್ (ಡಿಗ್ರಿ ಇರುವ ಹೊರದೇಶದವರಿಗೆ ಕೊಡುವ ಕೆಲಸದ ಪರವಾನಗಿ) ಸಿಗಲು ಬೇಕಾದ ಕನಿಷ್ಠ ಸಂಬಳ 2025ರಲ್ಲಿ ವರ್ಷಕ್ಕೆ ಸುಮಾರು 43,760 ಯೂರೋ ಇತ್ತು. ಬ್ಲೂ ಕಾರ್ಡ್ ಸಿಕ್ಕರೆ ಬಿ1 (ನಡುವಿನ) ಮಟ್ಟದ ಜರ್ಮನ್ ಇರುವವರಿಗೆ 21 ತಿಂಗಳಲ್ಲಿ ಇಲ್ಲೇ ಕಾಯಂ ಆಗಿ ನೆಲೆಸುವ ಪರವಾನಗಿ ಸಿಗುತ್ತದೆ, ಬರೀ ಎ1 (ಮೊದಲ) ಮಟ್ಟ ಇದ್ದರೆ 27 ತಿಂಗಳು. ಕಾಗದದ ಮೇಲೆ ಇದೆಲ್ಲ ಚೆಂದ. ಆದರೆ ಕಾರು ಕಂಪನಿಗಳು ಈಚೆಗೆ ಜನ ಕಮ್ಮಿ ಮಾಡುತ್ತಿವೆ, ನಿನ್ನ ಎಲೆಕ್ಟ್ರಾನಿಕ್ಸ್ ಕೆಲಸಗಳು ಬಹಳಷ್ಟು ಅಲ್ಲೇ ಇರುವುದು. 2023-24ರಲ್ಲೇ ಇಲ್ಲಿ ಭಾರತದ ವಿದ್ಯಾರ್ಥಿಗಳು 49 ಸಾವಿರ ದಾಟಿದ್ದರು, ಬೇರೆ ಯಾವ ದೇಶದವರೂ ಇಷ್ಟಿಲ್ಲ. ಎಲ್ಲರ ಬಯೋಡೇಟಾವೂ ಒಂದೇ ಥರ. ಅದೇ ಪೈಥಾನ್, ಅದೇ ಮ್ಯಾಟ್‌ಲ್ಯಾಬ್.

ಬೇರೆ ಕಾಣುವುದು ಭಾಷೆಯಿಂದ. ನಾನು ಕಂಡಂತೆ ಬೇಗ ಕೆಲಸ ಸಿಕ್ಕವರಿಗೆಲ್ಲ ಒಂದೋ ಓದುವಾಗಲೇ ಯಾವುದಾದರೂ ಕಂಪನಿಯಲ್ಲಿ ವರ್ಕ್ ಸ್ಟೂಡೆಂಟ್ ಕೆಲಸ ಇತ್ತು, ಇಲ್ಲವೇ ಮೀಟಿಂಗಿನಲ್ಲಿ ಮಾತಾಡುವಷ್ಟು ಜರ್ಮನ್ ಬರುತ್ತಿತ್ತು. ಕೋರ್ಸು ಇಂಗ್ಲಿಷಿನಲ್ಲಿದೆ, ಜರ್ಮನ್ ಆಮೇಲೆ ಕಲಿತರಾಯಿತು ಅಂದುಕೊಳ್ಳಬೇಡ. ಸೆಮಿಸ್ಟರ್ ಶುರುವಾದ ಮೇಲೆ ಸಮಯ ಸಿಗುವುದಿಲ್ಲ. ಈಗ ಮನೆಯಲ್ಲಿದ್ದೀಯ, ಆನ್‌ಲೈನ್ ಕ್ಲಾಸಿಗೆ ಸೇರಿ ಬಿ1 ಮುಗಿಸಿಕೊಂಡೇ ಬಾ. ಅದಕ್ಕಾಗಿ ಆರು ತಿಂಗಳು ತಡವಾದರೂ ಪರವಾಗಿಲ್ಲ.

ಜೀವನ ಅಂತ ಕೇಳಿದ್ದೀಯ, ಹೇಳುವಂಥದ್ದು ಬಹಳ ಇಲ್ಲ. ಡಿಸೆಂಬರಿನಲ್ಲಿ ನಾಲ್ಕೂವರೆಗೆ ಕತ್ತಲಾಗುತ್ತದೆ. ಮೇ ತಿಂಗಳ ಕಲಬುರಗಿಯ ಬಿಸಿಲನ್ನು ಬೈದುಕೊಂಡವರೇ ಇಲ್ಲಿ ಬಿಸಿಲು ಕಂಡರೆ ಪಾರ್ಕಿಗೆ ಓಡುತ್ತೇವೆ. ಭಾನುವಾರ ಅಂಗಡಿ ಬಂದ್, ಶನಿವಾರವೇ ಹಾಲು-ತರಕಾರಿ ತಂದಿಡಬೇಕು. ಜೋಳದ ಹಿಟ್ಟು ಇಂಡಿಯನ್ ಅಂಗಡಿಯಲ್ಲಿ ಸಿಗುತ್ತದೆ. ಹಳೆಯ ಹಿಟ್ಟಾಗಿರುತ್ತದೆ, ಜಿಗಿ ಇರುವುದಿಲ್ಲ, ಕುದಿಯುವ ನೀರು ಹಾಕಿ ನಾದಿದರೆ ಹೇಗೋ ರೊಟ್ಟಿ ಏಳುತ್ತದೆ. ರಾತ್ರಿ ಹತ್ತರ ಮೇಲೆ ಮಾತ್ರ ಬಡಿಯಬೇಡ. ಹತ್ತರಿಂದ ಬೆಳಗ್ಗೆ ಆರರ ತನಕ ಸದ್ದು ಮಾಡುವಂತಿಲ್ಲ, ಕೆಳಗಿನ ಮನೆಯವರು ಬೆಲ್ ಒತ್ತಿಯೇ ಒತ್ತುತ್ತಾರೆ. ತೊಗರಿಬೇಳೆ ಸಿಗುತ್ತದೆ, ಸೂಟ್‌ಕೇಸಿನಲ್ಲಿ ತುಂಬಿಕೊಂಡು ಬರಬೇಡ. ಶೇಂಗಾ ಹಿಂಡಿ ತಾ.

ಅಕ್ಟೋಬರಿನ ಸೆಮಿಸ್ಟರಿಗೆ ಕೊನೆಯ ತಾರೀಖು ಬಹಳ ಕಡೆ ಜುಲೈ 15, ಆದರೆ ಹೊರದೇಶದವರಿಗೆ ಕೆಲವು ಕಡೆ ಮಾರ್ಚ್, ಮೇ ತಿಂಗಳಲ್ಲೇ ಮುಗಿದುಹೋಗುತ್ತದೆ. ಮೊದಲು ಎಪಿಎಸ್‌ಗೆ ಹಾಕು. ಅದು ಬರುವಷ್ಟರಲ್ಲಿ ಆರೇಳು ಕೋರ್ಸು ಆರಿಸಿ, ನಿನ್ನ ಎಂಟೂ ಸೆಮಿಸ್ಟರಿನ ವಿಷಯಗಳ ಪಟ್ಟಿಯ ಜೊತೆ ನನಗೆ ಕಳಿಸು. ಯಾವುದಕ್ಕೆ ನಿನ್ನ ಸಿಲಬಸ್ ಹೊಂದುತ್ತದೆ ಅಂತ ಕೂತು ನೋಡೋಣ. ಕನ್ಸಲ್ಟೆನ್ಸಿಯವರಿಗೆ ಶುಕ್ರವಾರ ಏನೂ ಕಟ್ಟಬೇಡ.