ಒಂದೇ ಸಬ್ ಔಟ್ ಇರುವ ರಿಸೀವರ್‌ಗೆ ಎರಡು ಸಬ್‌ವೂಫರ್ ಜೋಡಿಸಬಹುದೇ?

ಧಾರಾಳವಾಗಿ ಜೋಡಿಸಿ. ಸಬ್ ಔಟ್ ಅಂದರೆ ಹೋಮ್ ಥಿಯೇಟರ್ ರಿಸೀವರ್‌ನಿಂದ ಸಬ್‌ವೂಫರ್‌ಗೆ, ಅಂದರೆ ಬೇಸ್ ನುಡಿಸುವ ಸ್ಪೀಕರ್‌ಗೆ, ಸಿಗ್ನಲ್ ಹೋಗುವ ಕಿಂಡಿ. ವೈ ಕೇಬಲ್ (ಒಂದು ಸಿಗ್ನಲ್ ಎರಡಾಗಿ ಕವಲೊಡೆಯುವ ತಂತಿ) ಹಾಕಿದರೆ ರಿಸೀವರ್ ಸುಟ್ಟುಹೋದೀತೇ ಎಂದು ಕೇಳಿದ್ದೀರಿ. ಆ ಭಯ ಬೇಡ. ಮಾಮೂಲಿ ಸ್ಪೀಕರ್‌ಗಳನ್ನು ಒಂದೇ ಟರ್ಮಿನಲ್‌ಗೆ ಎರಡೆರಡು ಸಿಕ್ಕಿಸಿದರೆ ಓಮ್ (ವಿದ್ಯುತ್ತಿಗೆ ಇರುವ ತಡೆ) ಇಳಿದು ಆಂಪ್ಲಿಫೈಯರ್ ಬಿಸಿಯಾಗುತ್ತದೆ, ನಿಜ. ಆದರೆ ಸಬ್ ಔಟ್‌ನಿಂದ ಹೊರಡುವುದು ಬರೀ ಸಿಗ್ನಲ್. ಕೋನ್ (ಸ್ಪೀಕರ್‌ನ ಅಲುಗುವ ಭಾಗ) ತಳ್ಳುವ ಕೆಲಸ ಪವರ್ಡ್ ಸಬ್‌ವೂಫರ್‌ನೊಳಗಿನ ಆಂಪ್ಲಿಫೈಯರ್‌ದು. ಅದರ ಇನ್‌ಪುಟ್ ಸಾಮಾನ್ಯವಾಗಿ ಸಾವಿರಾರು ಓಮ್ ಇರುವುದರಿಂದ ಎರಡು ಸೇರಿ ಅರ್ಧವಾದರೂ ರಿಸೀವರ್‌ಗೆ ಲೆಕ್ಕಕ್ಕಿಲ್ಲ. ಎರಡು ಸಬ್ ಔಟ್ ಇರುವ ಎಷ್ಟೋ ರಿಸೀವರ್‌ಗಳ ಒಳಗೂ ಇದೇ ಜೋಡಣೆ ಇರುತ್ತದೆ, ಹೊರಗೆ ಕಾಣುವುದಿಲ್ಲ ಅಷ್ಟೆ.

ವೈರ್ ಹಾಕಲು ಐದು ನಿಮಿಷ ಸಾಕು. ತಲೆನೋವು ಶುರುವಾಗುವುದು ಆಮೇಲೆ. ನಾನು ಮೊದಲ ಸಲ ಎರಡನೆಯದನ್ನು ತಂದು ಸೋಫಾ ಹಿಂದೆ ಇಟ್ಟೆ. ಗೋಡೆ ನಡುಗುತ್ತದೆ ಅಂದುಕೊಂಡರೆ, ಇದ್ದ ಬೇಸೂ ಮಾಯ! ಕೇಬಲ್ ಕೆಟ್ಟಿದೆ ಎಂದು ಎರಡು ಸಲ ಬದಲಾಯಿಸಿದೆ. ತಪ್ಪು ಕೇಬಲ್‌ದಲ್ಲ. 50 ಹರ್ಟ್ಜ್ ಅಲೆಯ ಉದ್ದ ಸುಮಾರು 7 ಮೀಟರ್. ನೀವು ಕೂರುವ ಜಾಗದಿಂದ ಒಂದು ಸಬ್ ಇನ್ನೊಂದಕ್ಕಿಂತ ಮೂರೂವರೆ ಮೀಟರ್ ದೂರವಿದ್ದರೆ, ಒಂದು ತಳ್ಳುವಾಗ ಇನ್ನೊಂದು ಎಳೆಯುತ್ತದೆ. ಸೋಫಾ ಹಿಂದಿನ ಸಬ್‌ನ ಫೇಸ್ ಸ್ವಿಚ್ (ತಳ್ಳುವುದನ್ನು ಎಳೆಯುವುದಾಗಿ ತಿರುವು ಮಾಡುವುದು) 0ಯಿಂದ 180ಕ್ಕೆ ತಿರುಗಿಸಿದ್ದೇ ತಡ, ಬೇಸ್ ಮರಳಿ ಬಂತು. ಇದಕ್ಕೆ ಬೇರೆ ಉಪಕರಣ ಬೇಡ: ಒಬ್ಬರು ಸೋಫಾದಲ್ಲಿ ಕೂತು ಕೇಳಲಿ, ಇನ್ನೊಬ್ಬರು ಸ್ವಿಚ್ ಬದಲಿಸಲಿ, ಜೋರಾಗಿ ಕೇಳಿದ್ದೇ ಸರಿಯಾದದ್ದು.

ಜಾಗ ನಿಮ್ಮ ಕೈಯಲ್ಲಿದ್ದರೆ ಎದುರುಬದುರು ಗೋಡೆಗಳ ನಡುಮಧ್ಯದಲ್ಲಿ ಇಟ್ಟು ನೋಡಿ. 5 ಮೀಟರ್ ಉದ್ದದ ಕೋಣೆ 34 ಹರ್ಟ್ಜ್ ಆಸುಪಾಸಿನಲ್ಲಿ ತಾನೇ ಗುಂಯ್‌ಗುಡುತ್ತದೆ. ಎರಡು ತುದಿಯಿಂದಲೂ ಒಟ್ಟಿಗೆ ತಳ್ಳಿದರೆ ಆ ಗುಂಯ್ ಅಡಗುತ್ತದೆ. ಹೀಗೆ ಇಟ್ಟಾಗ ಎರಡರ ಫೇಸೂ ಒಂದೇ ಇರಬೇಕು. ನನ್ನ ಮಟ್ಟಿಗೆ ಎರಡನೇ ಸಬ್ ತರುವುದೇ ಇದಕ್ಕಾಗಿ, ಜೋರು ಹೆಚ್ಚಿಸಲಿಕ್ಕಲ್ಲ.

ನಿಮ್ಮದು ಒಂದು 10 ಇಂಚು, ಒಂದು 12 ಇಂಚು ಅಂದಿರಿ. ನಡೆಯುತ್ತದೆ, ಆದರೆ ಎರಡನ್ನೂ ಪೂರ್ತಿ ಏರಿಸಬೇಡಿ, ಚಿಕ್ಕದು ಮೊದಲು ಸೋಲುತ್ತದೆ. ಒಂದನ್ನು ಆಫ್ ಮಾಡಿ ಇನ್ನೊಂದರಲ್ಲಿ ಟೆಸ್ಟ್ ಟೋನ್ ಹಾಕಿ, ಫೋನಿನ ಡೆಸಿಬಲ್ ಆ್ಯಪ್‌ನಲ್ಲಿ ಎರಡೂ ಸಮ ಬರುವ ಹಾಗೆ ವಾಲ್ಯೂಮ್ ಹೊಂದಿಸಿ. ಆ್ಯಪ್ ತೋರಿಸುವ ಅಂಕಿ ನಿಖರವಲ್ಲ, ಹೋಲಿಕೆಗೆ ಸಾಕು. ಸಬ್‌ಗಳ ಕ್ರಾಸೋವರ್ ನಾಬ್ (ಎಷ್ಟು ಹರ್ಟ್ಜ್‌ವರೆಗಿನ ದನಿ ಸಬ್‌ಗೆ ಎಂದು ವಿಂಗಡಿಸುವುದು) ಎರಡರಲ್ಲೂ ಗರಿಷ್ಠಕ್ಕೆ ತಿರುಗಿಸಿ ಬಿಟ್ಟುಬಿಡಿ. ಆ ಕೆಲಸ ರಿಸೀವರ್ ಮಾಡಲಿ, 80 ಹರ್ಟ್ಜ್‌ನಿಂದ ಶುರುಮಾಡಿ. ಹಮ್ (ಹಾಡು ಇಲ್ಲದಾಗಲೂ ಬರುವ ಮೊರೆತ) ಬಂದರೆ ಎರಡನ್ನೂ ರಿಸೀವರ್ ಇರುವ ಪವರ್ ಸ್ಟ್ರಿಪ್‌ಗೇ ಹಾಕಿ ನೋಡಿ.

ಮೈಕ್ ಇಟ್ಟು ಮಾಡುವ ಆಟೋ ಸೆಟಪ್ ಇದ್ದರೆ ಅದು ಕೊನೆಗೆ. ವೈ ಕೇಬಲ್‌ನಲ್ಲಿ ರಿಸೀವರ್‌ಗೆ ಎರಡೂ ಸೇರಿ ಒಂದೇ ಸಬ್, ಹಾಗಾಗಿ ಅವುಗಳ ನಡುವಿನ ಜಗಳ ಅದಕ್ಕೆ ಬಗೆಹರಿಸಲಾಗದು. ಆಮೇಲೆ ಯಾವ ನಾಬ್ ಮುಟ್ಟಿದರೂ ಸೆಟಪ್ ಮತ್ತೆ ಮೊದಲಿಂದ.