ಎಂಟನೇ ಕ್ಲಾಸಿನ ಮಗಳಿಗೆ ಗಣಿತ ಒಲಿಂಪಿಯಾಡ್ ಫಾರಂ ತುಂಬಿಸಲಾ? ದಾವಣಗೆರೆಯಲ್ಲಿದ್ದುಕೊಂಡೇ ತಯಾರಿ ಆಗುತ್ತಾ?

ಮಗಳು ಕನ್ನಡ ಮಾಧ್ಯಮ, ಶಾಲೆಯಿಂದ ‘ಒಲಿಂಪಿಯಾಡ್’ ಅಂತ ಫಾರಂ ಬಂದಿದೆ, ಬೆಂಗಳೂರಿಗೆ ಕೋಚಿಂಗ್‌ಗೆ ಕಳಿಸಬೇಕಾ ಅಂತ ಕೇಳಿದ್ದೀರಿ. ನಾನೂ ದಾವಣಗೆರೆಯವನೇ, ಇಲ್ಲೇ ಓದಿದವನು. ಗಣಿತ ಮೇಷ್ಟ್ರಲ್ಲ. ಸಂಜೆ ಹೊತ್ತು ಓಣಿಯ ನಾಲ್ಕೈದು ಮಕ್ಕಳು ನಮ್ಮ ಜಗಲಿಗೆ ಬರ್ತಾರೆ, ಅವರ ಜೊತೆ ಲೆಕ್ಕ ಬಿಡಿಸ್ತಾ ಕೂರ್ತೀನಿ, ಅಷ್ಟೇ.

ಮೊದಲು ಫಾರಂ ಮೇಲೆ ಯಾರ ಹೆಸರಿದೆ ನೋಡಿ. ‘ಒಲಿಂಪಿಯಾಡ್’ ಅನ್ನೋ ಪದ ಯಾರ ಸ್ವತ್ತೂ ಅಲ್ಲ. ದುಡ್ಡು ಕಟ್ಟಿಸಿಕೊಂಡು, ನಾಲ್ಕು ಆಯ್ಕೆ ಕೊಟ್ಟು, ಬರೆದವರಿಗೆಲ್ಲ ಸರ್ಟಿಫಿಕೇಟ್ ಹಂಚುವ ಖಾಸಗಿ ಪರೀಕ್ಷೆಗಳೂ ಅದೇ ಹೆಸರಲ್ಲಿ ನಡೀತಾವೆ. ನನ್ನ ತಂಗಿ ಮಗನಿಗೆ ಅಂಥದ್ದೊಂದರಲ್ಲಿ ಮೆಡಲ್ ಬಂತು. ಅವನ ಕ್ಲಾಸಿನ ಇನ್ನೂ ಹನ್ನೊಂದು ಮಕ್ಕಳಿಗೂ ಬಂತು. ಬರೆಸೋದು ತಪ್ಪಲ್ಲ, ಆದರೆ ಅದು ಬೇರೆ, ದೇಶದ ತಂಡ ಆರಿಸೋ ಒಲಿಂಪಿಯಾಡ್ ಬೇರೆ.

ಅಸಲಿ ದಾರಿ ಐಒಕ್ಯೂಎಂ, ಅಂದರೆ ಗಣಿತ ಒಲಿಂಪಿಯಾಡ್‌ನ ಅರ್ಹತಾ ಪರೀಕ್ಷೆಯಿಂದ ಶುರುವಾಗುತ್ತೆ. ಗಣಿತ ಶಿಕ್ಷಕರ ಸಂಘ, ಅಂದರೆ ಎಂಟಿಎ, ಇದನ್ನ ನಡೆಸುತ್ತೆ. ಈಚೆಗೆ ಸೆಪ್ಟೆಂಬರ್ ಮೊದಲ ಭಾಗದಲ್ಲಿ ಬರ್ತಿದೆ. ಮೂರು ಗಂಟೆ, 30 ಪ್ರಶ್ನೆ, 100 ಅಂಕ. ಪ್ರತಿ ಉತ್ತರವೂ 00ರಿಂದ 99ರ ಒಳಗಿನ ಒಂದು ಸಂಖ್ಯೆ, ಆಯ್ಕೆ ಕೊಡಲ್ಲ, ಹಾಗಾಗಿ ಊಹೆ ಹೊಡೆದು ಪಾರಾಗೋದು ಕಷ್ಟ. ಎಂಟನೇ ಕ್ಲಾಸಿನವರೂ ಬರೀಬಹುದು. ಅದು ದಾಟಿದರೆ ಆರ್‌ಎಂಒ, ಅಂದರೆ ಪ್ರಾದೇಶಿಕ ಮಟ್ಟದ ಒಲಿಂಪಿಯಾಡ್. ಅಲ್ಲಿ ಮೂರು ಗಂಟೆಗೆ ಬರೀ ಆರು ಲೆಕ್ಕ, ಉತ್ತರ ಯಾಕೆ ಸರಿ ಅನ್ನೋ ಸಾಧನೆ ಪೂರ್ತಿ ಬರೀಬೇಕು. ಆಮೇಲೆ ರಾಷ್ಟ್ರಮಟ್ಟದ ಐಎನ್‌ಎಂಒ, ಅಲ್ಲಿ ಆಯ್ಕೆಯಾದವರಿಗೆ ತರಬೇತಿ ಶಿಬಿರ, ಕೊನೆಗೆ ಆರು ಮಕ್ಕಳ ಭಾರತ ತಂಡ. ಮೇಲಿನ ಹಂತಗಳ ಉಸ್ತುವಾರಿ ಮುಂಬೈನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ್ದು. 1989ರಿಂದ ನಮ್ಮವರು ಅಂತರರಾಷ್ಟ್ರೀಯ ಸ್ಪರ್ಧೆಗೆ ಹೋಗ್ತಿದ್ದಾರೆ. 2024ರಲ್ಲಿ ಇಂಗ್ಲೆಂಡಿನ ಬಾತ್‌ನಲ್ಲಿ ನಾಲ್ಕು ಚಿನ್ನ ಗೆದ್ದು ನಾಲ್ಕನೇ ಸ್ಥಾನಕ್ಕೆ ಬಂದರು. ಸದ್ಯಕ್ಕೆ ಅದನ್ನೆಲ್ಲ ಮಗಳ ತಲೆಗೆ ತುಂಬಬೇಡಿ.

ನಾನು ಪಿಯುಸಿಯಲ್ಲಿ ಆರ್‌ಎಂಒ ಬರೆದಿದ್ದೆ. ಆಗ ಈ ಮೊದಲ ಸುತ್ತು ಇರಲಿಲ್ಲ, ನೇರ ಅದೇ. ತರಗತಿಗೆ ಮೊದಲಿಗ ಅನ್ನೋ ಹಮ್ಮಿನಲ್ಲಿ ಹೋಗಿ ಕೂತೆ. ಅರ್ಧ ಗಂಟೆಯಲ್ಲಿ ಬೆವರು. ಪೂರ್ತಿ ಬಿಡಿಸಿದ್ದು ಒಂದೇ ಒಂದು. ರೇಖಾಗಣಿತದ ಲೆಕ್ಕಕ್ಕೆ ಕೈವಾರದಲ್ಲಿ ಚಂದದ ಚಿತ್ರ ಬರೆದು, ಅದರ ಕೆಳಗೆ ಒಂದು ಸಾಲೂ ಬರೀದೆ ಎದ್ದು ಬಂದೆ. ನನ್ನ ಹತ್ತಿರ ಸೂತ್ರಗಳಿದ್ದವು, ಗೊತ್ತಿಲ್ಲದ ಲೆಕ್ಕದ ಮುಂದೆ ಸುಮ್ಮನೆ ಕೂರೋ ಅಭ್ಯಾಸ ಇರಲಿಲ್ಲ. ಶಾಲೆಯಲ್ಲಿ ಲೆಕ್ಕ ಅಂದರೆ ಎರಡು ನಿಮಿಷದ ಕೆಲಸ, ಅಲ್ಲವಾ? ಇಲ್ಲಿ ಒಂದಕ್ಕೇ ಎರಡು ದಿನ ಹಿಡಿದರೂ ಅದು ಸೋಲಲ್ಲ. ನೀವು ಮಗಳಿಗೆ ರೂಢಿ ಮಾಡಿಸಬೇಕಾದ್ದು ಇದನ್ನೇ. ಅದಕ್ಕೆ ಬೆಂಗಳೂರಿನ ಬಸ್ಸು ಹತ್ತಬೇಕಾಗಿಲ್ಲ.

ಹೋದ ವರ್ಷ ಜಗಲಿಗೆ ಒಬ್ಬ ಹುಡುಗ ಬರ್ತಿದ್ದ, ಒಂಬತ್ತನೇ ಕ್ಲಾಸು, ಅಪ್ಪ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡೋರು. ಅವನಿಗೆ ಹಳೇದೊಂದು ಲೆಕ್ಕ ಕೊಟ್ಟೆ. ಸ್ಲೇಟಿನ ಮೇಲೆ 1ರಿಂದ 10ರವರೆಗೆ ಬರಿ. ಯಾವುದಾದರೂ ಎರಡನ್ನ ಅಳಿಸು, ದೊಡ್ಡದರಲ್ಲಿ ಚಿಕ್ಕದನ್ನ ಕಳೆದು ವ್ಯತ್ಯಾಸ ಬರಿ. ಹೀಗೇ ಮಾಡ್ತಾ ಹೋಗು, ಒಂದೇ ಸಂಖ್ಯೆ ಉಳಿಯೋವರೆಗೆ. ಕೊನೆಗೆ 4 ಉಳಿಸಿ ತೋರಿಸು ನೋಡೋಣ.

ಮೊದಲ ಸಲ 1 ಉಳೀತು. ಆಮೇಲೆ 5. ಮತ್ತೆ 1. ಅಳಿಸಿ ಅಳಿಸಿ ಅಂಗಿಯ ತೋಳೆಲ್ಲ ಬೆಳ್ಳಗೆ. ಆರನೇ ಸಲಕ್ಕೆ, “ಅಂಕಲ್, ಬೆಸ ಸಂಖ್ಯೆನೇ ಬರ್ತಾ ಐತ್ರೀ, ನೀವು ಏನೋ ಮೋಸ ಮಾಡೀರಿ” ಅಂದ. “ಮೋಸ ಎಲ್ಲಿದೆ, ಹುಡುಕು” ಅಂದು ಒಳಗೆ ಚಹಾಕ್ಕೆ ಹೋದೆ.

ಮರುದಿನ ಬಂದವನು ಸ್ಲೇಟಿನ ಮೂಲೆಯಲ್ಲಿ 55 ಅಂತ ಬರೆದಿದ್ದ. ಎಲ್ಲ ಕೂಡಿದರೆ 55. 10 ಮತ್ತು 7 ಅಳಿಸಿ 3 ಬರೆದರೆ ಮೊತ್ತ 41, ಅಂದರೆ 14 ಕಡಿಮೆ. 14 ಅಂದರೆ 7ರ ಎರಡರಷ್ಟು. ಯಾವ ಜೋಡಿ ಅಳಿಸಿದರೂ ಚಿಕ್ಕದರ ಎರಡರಷ್ಟು ಕಡಿಮೆ ಆಗುತ್ತೆ, ಅದು ಯಾವಾಗಲೂ ಸಮ. ಬೆಸದಲ್ಲಿ ಸಮ ಎಷ್ಟು ಕಳೆದರೂ ಬೆಸವೇ. ಹಾಗಾಗಿ 4 ಯಾವ ಕಾಲಕ್ಕೂ ಉಳಿಯಲ್ಲ. “12ರವರೆಗೆ ಬರೆದಿದ್ರೆ?” ಅಂದೆ. ಬೆರಳು ಮಡಿಸಿ, “78, ಸಮ ಉಳೀತೈತಿ” ಅಂದ, ಸ್ಲೇಟು ಮುಟ್ಟಲೂ ಇಲ್ಲ. ಐಒಕ್ಯೂಎಂನಲ್ಲಿ ಅವನು ಪಾಸಾಗಲಿಲ್ಲ, ಅದನ್ನೂ ಹೇಳಿಬಿಡ್ತೀನಿ. ಈ ವರ್ಷ ಮತ್ತೆ ಬರೀತಾನಂತೆ.

ಭಾಷೆ ಒಂದು ತೊಡಕು ಹೌದು. ಹಳೆಯ ಪ್ರಶ್ನೆಪತ್ರಿಕೆಗಳು ಪುಕ್ಕಟೆ ಸಿಗ್ತಾವೆ, ಆದರೆ ಹೆಚ್ಚಿನವು ಇಂಗ್ಲಿಷಲ್ಲಿ. ಅವಿಭಾಜ್ಯ ಸಂಖ್ಯೆ ಅಂದರೆ ತಟ್ಟನೆ ಹೇಳೋ ಮಗು ‘ಪ್ರೈಮ್’ ಅಂದರೆ ಮುಖ ನೋಡುತ್ತೆ. ನೋಟ್‌ಬುಕ್ಕಿನ ಕೊನೆ ಹಾಳೆಯಲ್ಲಿ ಭಾಜಕ, ಶೇಷ, ಪೂರ್ಣಾಂಕ, ಸಮರೂಪ ತ್ರಿಭುಜ ಇಂಥವಕ್ಕೆ ಇಂಗ್ಲಿಷ್ ಹೆಸರು ಬರೆಸ್ತಾ ಬನ್ನಿ. ಒಂದು ನೂರು ಪದ ಆದರೆ ಸಾಕು, ಯೋಚನೆ ಕನ್ನಡದಲ್ಲೇ ಮಾಡಲಿ. ಕ್ಯಾಲ್ಕುಲಸ್ ಬೇಕಿಲ್ಲ. ಬೀಜಗಣಿತ, ರೇಖಾಗಣಿತ, ಸಂಖ್ಯೆಗಳ ಗುಣ, ಎಣಿಕೆ ಇಷ್ಟೇ. ನಿಮ್ಮ ಶಾಲೆಯ ಗಣಿತ ಮೇಷ್ಟ್ರು ಚಳ್ಳಕೆರೆ ಹತ್ತಿರದ ಐಐಎಸ್‌ಸಿ ಕ್ಯಾಂಪಸ್ಸಿನ ಶಿಕ್ಷಕರ ತರಬೇತಿಗೆ ಹೋಗಿ ಬಂದಿದ್ದಾರಾ ಕೇಳಿ. ಹೋಗಿ ಬಂದವರಿಗೆ ಇಂಥ ಲೆಕ್ಕಗಳ ರುಚಿ ಹತ್ತಿರುತ್ತೆ ಅನ್ನೋದು ನನ್ನ ಅನುಭವ.

ಸರ್ಕಾರಿ ಅಥವಾ ಅನುದಾನಿತ ಶಾಲೆಯಾಗಿದ್ದರೆ ಈ ವರ್ಷವೇ ಎನ್‌ಎಂಎಂಎಸ್ ಅನ್ನೋ ವಿದ್ಯಾರ್ಥಿವೇತನ ಪರೀಕ್ಷೆ ಮರೀಬೇಡಿ. ಎಂಟನೇ ಕ್ಲಾಸಲ್ಲಿ ಮಾತ್ರ ಬರೆಯೋದು, ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ಆದಾಯ ಮಿತಿ ಇದೆ, ಶಾಲೆಯಲ್ಲಿ ವಿಚಾರಿಸಿ.

ಐಒಕ್ಯೂಎಂ ಫಾರಂ ಆದರೆ ತುಂಬಿಸಿ, ಈ ಸಲ ಸುಮ್ಮನೆ ನೋಡಿ ಬರಲಿ. ಇವತ್ತು ರಾತ್ರಿ ಊಟ ಆದಮೇಲೆ ಆ ಸ್ಲೇಟಿನ ಲೆಕ್ಕವನ್ನೇ ಕೊಡಿ, 10ರವರೆಗೆ ಬರೆದು ಕೊನೆಗೆ 9 ಉಳಿಸೋಕಾಗುತ್ತಾ ಅಂತ. ಉತ್ತರ ಇಲ್ಲಿ ಬರೆಯಲ್ಲ, ನೀವು ಓದಿ ಹೇಳಿಬಿಡ್ತೀರಿ.